ಎಚ್ಚರದ ಪಾಳಿಗೊಂದು ಟಿವಿ

ನಮ್ಮೂರಿನಲ್ಲಿ ಒಂದು ಮನೆಯವರೆಲ್ಲ ಒಟ್ಟಿಗೆ ನಿದ್ದೆ ಮಾಡುವಂತಿಲ್ಲ. ಯಾರಾದರೂ ಒಬ್ಬರು ಎದ್ದಿರಬೇಕು. ಬೀಗ ಹಾಕಿಕೊಂಡು ಎಲ್ಲರೂ ಹೊರಗೆ ಹೋದರೆ ಅಡ್ಡಿಯಿಲ್ಲ. ಆದರೆ ಒಳಗೆ ಮಲಗಿದವರಿದ್ದು, ಎದ್ದವರು ಯಾರೂ ಇಲ್ಲದಿದ್ದರೆ ಬಾಗಿಲು ಹೋಗುತ್ತದೆ. ಬಾಗಿಲಿದ್ದ ಜಾಗದಲ್ಲಿ ಗೋಡೆ ಬರುತ್ತದೆ. ನಮ್ಮ ಓಣಿಯಲ್ಲೇ ಅಂಥ ಮನೆಗಳಿವೆ. ಒಂದರ ಮುಂದೆ ಈಗ ಎಮ್ಮೆ ಕಟ್ಟುತ್ತಾರೆ, ಇನ್ನೊಂದರ ಮೇಲೆ ಟ್ಯೂಷನ್ ಕ್ಲಾಸಿನ ಚೀಟಿ, ಸತ್ತವರ ಫೋಟೊ ಅಂಟಿಸುತ್ತಾರೆ. ಒಳಗೆ ಸಿಕ್ಕಿಕೊಂಡವರನ್ನು ಹೆಂಚು ತೆಗೆದು, ಏಣಿ ಇಳಿಸಿ ಹೊರಗೆ ತಂದದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಗೋಡೆ ಒಡೆದು ಅದೇ ಮನೆಯಲ್ಲಿ ಇರಲು ಒಬ್ಬಿಬ್ಬರು ಪ್ರಯತ್ನಪಟ್ಟರು, ಇರಲಾಗಲಿಲ್ಲ. ಯಾಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೀಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಹೊಲ, ಬಂಗಾರ ಕೇಳುವ ಮೊದಲು ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುತ್ತಾರೆ. ಮಂದಿ ಹೆಚ್ಚಿದ್ದಷ್ಟು ಪಾಳಿ ಸಣ್ಣದು, ನಿದ್ದೆ ದೊಡ್ಡದು. ನಾನು ಮದುವೆಯಾಗಿ ಬಂದಾಗ ಮನೆ ತುಂಬಿತ್ತು. ಅತ್ತೆ ದಾನಮ್ಮ, ಮಾವ, ನನ್ನ ಗಂಡ ಮಹಾಂತೇಶ, ಅವನ ಅಕ್ಕ, ನಾನು. ನಮ್ಮಪ್ಪ ಸಮಾಧಾನದಿಂದ ಊರಿಗೆ ಮರಳಿದ್ದ. ಮಾವ ತೀರಿಕೊಂಡರು. ಗಂಡನ ಅಕ್ಕನನ್ನು ಬಹಳ ದೂರದ ಊರಿಗೆ ಕೊಟ್ಟರು, ಅಲ್ಲಿ ಎಲ್ಲರೂ ಒಮ್ಮೆಗೇ ಮಲಗುತ್ತಾರಂತೆ. ಉಳಿದ ಮೂವರು ಹೇಗೋ ಪಾಳಿ ಹಂಚಿಕೊಂಡು ನಡೆಸುತ್ತಿದ್ದೆವು. ಆಮೇಲೆ ಮಹಾಂತೇಶ ಒಂದು ದಿನ, ಅಕ್ಕನ ಮನೆಗೆ ಹೋಗಿ ಒಂದು ವಾರ ಕಣ್ತುಂಬ ನಿದ್ದೆ ಮಾಡಿ ಬರುತ್ತೇನೆ ಎಂದು ಚೀಲ ತೆಗೆದುಕೊಂಡು ಹೋದ. ಅಲ್ಲೇ ಒಂದು ಸಿಮೆಂಟ್ ಅಂಗಡಿಯಲ್ಲಿ ಕೆಲಸ ಹಿಡಿದ. ನಮ್ಮೂರಿನಿಂದ ಹೀಗೆ ಹೋದವನು ಅವನೊಬ್ಬನೇ ಅಲ್ಲ. ನಿದ್ದೆಗೆಂದು ಹೋದವರನ್ನು ಇಲ್ಲಿ ಯಾರೂ ಬೈಯುವುದಿಲ್ಲ, ಬೈಯುವಷ್ಟು ತ್ರಾಣ ಯಾರಿಗಿದೆ.

ಆಗಾಗ ಫೋನ್ ಮಾಡುತ್ತಿದ್ದ. "ಇಲ್ಲಿ ಎಲ್ಲಾರೂ ಒಮ್ಮೆಲೆ ದೀಪ ಆರಿಸಿ ಮಲಗ್ತಾರ ಕಸ್ತೂರಿ" ಎನ್ನುತ್ತಿದ್ದ. "ಮೊದಮೊದಲು ಅಂಜಿಕಿ ಬರತಿತ್ತು. ಈಗ ರೂಢಿ ಆಗೇತಿ. ನೀನೂ ಬಾ."

ನೀನೂ ಬಾ ಎನ್ನುತ್ತಿದ್ದನೇ ಹೊರತು, ಅವ್ವನನ್ನೂ ಕರೆದುಕೊಂಡು ಬಾ ಎಂದು ಒಮ್ಮೆಯೂ ಅನ್ನಲಿಲ್ಲ. ಅಕ್ಕನ ಮನೆ ಸಣ್ಣದಂತೆ.

ಹಾಗಾಗಿ ನಾನು ಮತ್ತು ಅತ್ತೆ ಇಬ್ಬರೇ ಉಳಿದೆವು. ನಾನು ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ನಸುಕಿನಲ್ಲಿ ಹೋದರೆ ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿಯುವವರೆಗೆ ಒಲೆಯ ಮುಂದೆ. ಮನೆಗೆ ಬಂದು, ಉಂಡು, ದೀಪ ಹಚ್ಚುವವರೆಗೆ ಮಲಗುವುದು. ಅಷ್ಟೊತ್ತು ಅತ್ತೆಯ ಎಚ್ಚರ. ರಾತ್ರಿ ಅವರ ನಿದ್ದೆ, ನನ್ನ ಎಚ್ಚರ. ಖಾನಾವಳಿಯಿಂದ ತಂದ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತೇನೆ. ಮಧ್ಯಾಹ್ನದ ನಿದ್ದೆ ನನಗೆ ಸಾಲುತ್ತಿರಲಿಲ್ಲ, ಆದರೆ ಇಷ್ಟು ವಯಸ್ಸಾದವರಿಂದ ರಾತ್ರಿಯ ನಿದ್ದೆ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಒಂದೇ ಮನೆಯಲ್ಲಿದ್ದರೂ ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಹೆಚ್ಚಾಗಿ ಮಲಗಿದಾಗಲೇ. ಅತ್ತೆಯ ಕಾಲಿನ ಬಿರುಕು, ಬಾಯಿ ತೆರೆದು ಉಸಿರಾಡುವ ರೀತಿ ನನಗೆ ಗೊತ್ತಿತ್ತು. ಅವರು ಏನು ಯೋಚಿಸುತ್ತಾರೆ ಎಂಬುದು ಗೊತ್ತಿರಲಿಲ್ಲ.

ಮಧ್ಯಾಹ್ನ ಎಚ್ಚರ ಇರುವುದು ಸುಲಭವಲ್ಲ. ಹೊರಗೆ ಬಿಸಿಲು, ಒಳಗೆ ಉಂಡ ಹೊಟ್ಟೆ, ಓಣಿಯಲ್ಲಿ ಸದ್ದಿಲ್ಲ. ಅತ್ತೆ ಒರಗಲು ಏನೂ ಇಲ್ಲದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿ ಇಡುತ್ತಿದ್ದರು. ಹಸಿಮೆಣಸಿನಕಾಯಿಯ ತುದಿ ಕಚ್ಚಿಕೊಂಡಿರುತ್ತಿದ್ದರು. ಮಾವನ ಕಾಲದ ಡಬ್ಬಿ ಟಿವಿ ಒಂದಿತ್ತು. ಅದರಲ್ಲಿ ಧಾರಾವಾಹಿ ಹಚ್ಚಿದರೆ ಎರಡನೆಯ ಅಳು ಬರುವ ಹೊತ್ತಿಗೆ ತಲೆ ತೂಗತೊಡಗುತ್ತಿತ್ತು. ನೋಡುತ್ತ ಕೂತರೆ ಕಣ್ಣಿಗಷ್ಟೇ ಕೆಲಸ, ಕೈಗೆ ಇಲ್ಲ. ಬೆಳ್ಳುಳ್ಳಿ ಅವರೂ ಸುಲಿದು ನೋಡಿದರು. ಬೆರಳು ಸುಲಿಯುತ್ತಲೇ ಇರುತ್ತಿದ್ದವು, ಮೇಲೆ ತಲೆ ಮಲಗಿರುತ್ತಿತ್ತು.

ಹೀಗಿರುವಾಗ ಎದುರು ಮನೆಯ ಜುಬೇದಾ ಅತ್ತೆಯ ಕೈಗೆ ಒಂದು ಆಟ ಕೊಟ್ಟಳು. ಜುಬೇದಾಳ ಅಣ್ಣನ ಸಂಸಾರ ಊರು ಬಿಟ್ಟು ಹೋಗುವಾಗ ಟಿವಿಗೆ ಹಚ್ಚಿ ಆಡುವ ತಮ್ಮ ಗೇಮ್ ಡಬ್ಬಿಯನ್ನು ಅವಳಿಗೆ ಬಿಟ್ಟುಹೋಗಿದ್ದರು. ಘಟ್ಟದ ದಾರಿಯಲ್ಲಿ ಬಸ್ಸು ಓಡಿಸುವ ಆಟ. ಒಂದು ಮುಂಜಾನೆ ಹುಣಸೆಹಣ್ಣು ಕೇಳಲು ಹೋದ ಅತ್ತೆಗೆ ಜುಬೇದಾ, "ಒಂದೀಟು ಹಿಡದಿರ್ರಿ ದಾನಮ್ಮಾರ, ಚಾ ಮಾಡ್ಕೊಂಡು ಬರ್ತೀನಿ" ಎಂದು ಆಟದ ಗುಂಡಿಗಳಿರುವ ಹಿಡಿಕೆಯನ್ನು ಕೈಯಲ್ಲಿಟ್ಟು ಒಳಗೆ ಹೋದಳಂತೆ.

"ಯಾರರ ಬಿದ್ದರ ಏನ ಮಾಡ್ಲಿ?" ಎಂದರಂತೆ ಅತ್ತೆ.

"ಬೀಳ್ಲಿ ಬಿಡ್ರಿ, ಸುಳ್ಳ ಮಂದಿ."

"ಸುಳ್ಳ ಮಂದಿ ಆದ್ರೇನು, ಟಿಕೀಟ ತಗೊಂಡು ಕುಂತಾರಲ್ಲ."

ಚಹಾ ಆರಿ ಕೆನೆ ಕಟ್ಟಿತು, ಅತ್ತೆ ಏಳಲಿಲ್ಲ. ನಾನು ಖಾನಾವಳಿಯಿಂದ ಬಂದಾಗ ಜುಬೇದಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಒಳಗೆ ಹೋಗಿ ನೋಡಿದೆ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ತುಟಿ ಕಚ್ಚಿಕೊಂಡು ಕೂತಿದ್ದರು. ಅಷ್ಟು ಎಚ್ಚರವಿದ್ದ ಮುಖವನ್ನು ನಾನು ನಮ್ಮೂರಿನಲ್ಲಿ ನೋಡಿದ್ದು ಕಡಿಮೆ.

"ನಾ ನನ್ನ ಪಾಳಿಗೆ ಕಸೂತಿ ಹಾಕ್ತೀನಿ ಕಸ್ತೂರಿ, ನನಗ ಇದು ಬೇಕಾಗಿಲ್ಲ. ಒಯ್ರಿ ಮನಿಗೆ" ಎಂದಳು ಜುಬೇದಾ.

ಒಯ್ದೆವು. ಮೂರು ಬಣ್ಣದ ವೈರುಗಳನ್ನು ನಮ್ಮ ಡಬ್ಬಿ ಟಿವಿಯ ಹಿಂದೆ ಚುಚ್ಚಿದೆವು. ಚಿತ್ರ ಬಂತು, ಆದರೆ ಜುಬೇದಾಳ ಮನೆಯಲ್ಲಿ ಕಂಡ ಚಿತ್ರವಲ್ಲ. ದಾರಿ, ಕಂದಕ, ಬೆಟ್ಟ ಎಲ್ಲ ಒಂದರಲ್ಲೊಂದು ಕಲಸಿ ಅಂಬಲಿಯ ಹಾಗಾಗಿತ್ತು. ತಿರುವು ಕಾಣಿಸುವ ಹೊತ್ತಿಗೆ ಬಸ್ಸು ತಿರುವು ದಾಟಿ ಕೆಳಗೆ ಹೋಗಿರುತ್ತಿತ್ತು. ಅತ್ತೆ ನಾಲ್ಕಾರು ದಿನ ಪ್ರಯತ್ನಪಟ್ಟರು. ಬಸ್ಸು ಬಿದ್ದಾಗಲೆಲ್ಲ ಅವರ ಮುಖ ಸಪ್ಪಗಾಗುತ್ತಿತ್ತು. ಕೊನೆಗೆ ಹಿಡಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂರತೊಡಗಿದರು.

ಒಂದು ಮಧ್ಯಾಹ್ನ ನನಗೆ ಸೆಖೆಯಿಂದ ಎಚ್ಚರವಾಯಿತು. ಗಾಳಿ ನಿಂತುಹೋಗಿತ್ತು, ಕೋಣೆ ಮಬ್ಬಾಗಿತ್ತು. ಎದ್ದು ನೋಡಿದರೆ ಬಾಗಿಲಿನ ಚೌಕಟ್ಟು ಎರಡೂ ಕಡೆಯಿಂದ ಗೋಡೆಯೊಳಗೆ ಮುಳುಗುತ್ತಿತ್ತು. ಸದ್ದಿಲ್ಲ. ಹಿಟ್ಟು ಉಬ್ಬಿ ಪಾತ್ರೆಯ ಅಂಚು ಮುಚ್ಚುವ ಹಾಗೆ, ಅಷ್ಟೇ. ನಾನು ಎದ್ದದ್ದರಿಂದ ಅದು ಅಲ್ಲಿಗೇ ನಿಂತಿತು. ಸ್ಟೂಲಿನ ಮೇಲೆ ಅತ್ತೆ ಮುಂದಕ್ಕೆ ಬಾಗಿ, ಹಣೆಯನ್ನು ಟಿವಿಯ ಗಾಜಿಗೆ ಆನಿಸಿಕೊಂಡು ಮಲಗಿದ್ದರು. ಟಿವಿಯೊಳಗೆ ಬಸ್ಸು ತಲೆಕೆಳಗಾಗಿ ಬಿದ್ದು ಚಕ್ರ ತಿರುಗಿಸುತ್ತಿತ್ತು.

ಹೋದಷ್ಟು ಬಾಗಿಲು ಮರಳಿ ಬರಲಿಲ್ಲ. ಈಗಲೂ ಕೊಡ ಎತ್ತಿಕೊಂಡು ಒಳಗೆ ಬರಬೇಕಾದರೆ ನಾವು ಅಡ್ಡ ತಿರುಗಬೇಕು.

"ಎಚ್ಚರ ಇದ್ದೆ" ಎಂದರು ಅತ್ತೆ ಮೊದಲು. ಆಮೇಲೆ ಬಾಗಿಲ ಕಡೆ ನೋಡಿ, "ಇಲ್ಲ. ಮಲಗಿದ್ದೆ" ಎಂದರು.

ಮರುದಿನ ನಾನು ಕೆಲಸದಿಂದ ಬಂದಾಗ ಅವರು ಎರಡು ಸೀರೆ, ಒಂದು ಹೊದಿಕೆ, ವಿಭೂತಿಯ ಗಟ್ಟಿ ಇವನ್ನು ಗಂಟು ಕಟ್ಟಿಟ್ಟಿದ್ದರು. "ಛತ್ರದಾಗ ಜಾಗ ಐತೇನು ಕೇಳ್ಕೊಂಡು ಬಾ ಯವ್ವಾ" ಎಂದರು.

ಛತ್ರ ಊರ ಹೊರಗಿದೆ, ಹಳೆಯ ಹತ್ತಿ ಗಿರಣಿಯ ಪಕ್ಕ. ಮನೆಯಲ್ಲಿ ಒಬ್ಬರೇ ಉಳಿದವರು, ಪಾಳಿ ಮಾಡಲಾರದವರು ಅಲ್ಲಿ ಹೋಗಿ ಮಲಗುತ್ತಾರೆ. ಉದ್ದನೆಯ ಪಡಸಾಲೆ, ಸಾಲಾಗಿ ಚಾಪೆ, ಸಂಬಳದ ಕಾವಲುಗಾರ. ನೆಲ ಸ್ವಚ್ಛ, ಎರಡು ಹೊತ್ತು ಅನ್ನ ಸಾರು. ತಕರಾರು ಮಾಡುವಂಥದ್ದು ಏನೂ ಇಲ್ಲ. ಆದರೆ ಅಲ್ಲಿ ಯಾರಿಗೂ ಪಾಳಿ ಇಲ್ಲ. ಪಾಳಿ ಇಲ್ಲದವರು ಬರಬರುತ್ತ ಏಳುವುದನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಓಣಿಯಿಂದ ಹೋದ ಒಬ್ಬ ಅಜ್ಜಿಯನ್ನು ನೋಡಲು ನಾನು ಹಣ್ಣು ತೆಗೆದುಕೊಂಡು ಹೋಗಿದ್ದೆ. ಮೂರು ಸಲ ಹೋದರೂ ಅವಳು ಎದ್ದಿದ್ದಾಗ ಸಿಗಲಿಲ್ಲ. ಹಣ್ಣನ್ನು ಕಾವಲುಗಾರನಿಗೆ ಕೊಟ್ಟು ಬಂದೆ.

ನನ್ನ ಹತ್ತಿರ ಒಂದು ಅವಲಕ್ಕಿ ಡಬ್ಬಿ ಇತ್ತು. ಅವಲಕ್ಕಿಯ ಕೆಳಗೆ ರೊಕ್ಕ ಕೂಡಿಡುತ್ತಿದ್ದೆ. ಮಹಾಂತೇಶನ ಊರಿಗೆ ಹೋಗುವ ಟಿಕೆಟ್ಟಿಗೆ, ಮತ್ತೆ ಅಲ್ಲಿ ಹೋದ ಮೇಲೆ ಒಂದೆರಡು ತಿಂಗಳು ಯಾರ ಮುಂದೆಯೂ ಕೈ ಚಾಚದೆ ಇರಲಿಕ್ಕೆ. ಹೋಗುತ್ತೇನೆಂದು ಗಟ್ಟಿಯಾಗಿ ನಿರ್ಧರಿಸಿದ್ದೆ ಎಂದೇನೂ ಅಲ್ಲ. ರೊಟ್ಟಿ ಬಡಿಯುವಾಗ ತೋಳು ಸೋತು ಬಂದರೆ ಆ ಡಬ್ಬಿಯನ್ನು ನೆನೆಸಿಕೊಳ್ಳುತ್ತಿದ್ದೆ. ಎಲ್ಲ ದೀಪ ಆರಿಸಿದ ಒಂದು ಮನೆ, ಎಲ್ಲರೂ ಮಲಗಿದ್ದಾರೆ, ನಾನೂ ಮಲಗಿದ್ದೇನೆ. ಬೇರೆ ಏನನ್ನೂ ನಾನು ಬಯಸುತ್ತಿರಲಿಲ್ಲ. ಗಂಡನ ಮುಖ ಕೂಡ ಆ ಚಿತ್ರದಲ್ಲಿ ಬರುತ್ತಿರಲಿಲ್ಲ.

ಆ ಗಂಟನ್ನು ನೋಡುತ್ತ ನಿಂತಾಗ ನನಗೆ ಕರುಣೆ ಉಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ದಣಿವಾಗಿತ್ತು. ಛತ್ರದವರೆಗೆ ನಡೆದು, ಕೇಳಿ, ಬಂದು, ಮತ್ತೆ ಅವರನ್ನು ಕರೆದುಕೊಂಡು ಹೋಗಿ, ಖಾಲಿ ಮನೆಗೆ ಮರಳುವುದನ್ನು ಯೋಚಿಸಿಯೇ ಸಾಕಾಯಿತು. "ಗಂಟು ಬಿಚ್ಚಿರಿ ಅತ್ತಿ" ಎಂದೆ. "ನಾಳೆ ಮಧ್ಯಾಹ್ನ ಪ್ಯಾಟಿಗೆ ಹೋಗೂಣು. ಬ್ಯಾರೆ ಟಿವಿ ತರೂಣು."

ಮರುದಿನ ನನ್ನ ನಿದ್ದೆಯ ಹೊತ್ತಿನಲ್ಲಿ ಮನೆಗೆ ಬೀಗ ಹಾಕಿಕೊಂಡು ಇಬ್ಬರೂ ಹೊರಟೆವು. ಅತ್ತೆ ಗೇಮ್ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದರು. ಹಚ್ಚಿ ನೋಡದೆ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ಹಟ. ಅವರ ಜೊತೆ ಬೀದಿಯಲ್ಲಿ ನಡೆದು ಎಷ್ಟು ಕಾಲವಾಗಿತ್ತೋ. ಅವರು ನನಗಿಂತ ಗಿಡ್ಡ ಎಂಬುದೂ ನನಗೆ ಮರೆತುಹೋಗಿತ್ತು.

ಟಿವಿ ಅಂಗಡಿಯ ಗುರುಪಾದಪ್ಪ ಕೌಂಟರಿನ ಹಿಂದೆ ನಿಂತೇ ತೂಕಡಿಸುತ್ತಿದ್ದ. ಅವನ ಮನೆಯಲ್ಲಿ ಆಗಷ್ಟೇ ಕೂಸು ಹುಟ್ಟಿತ್ತು. ಕೂಸಿನ ಎಚ್ಚರ ಲೆಕ್ಕಕ್ಕೆ ಬರುವುದಿಲ್ಲ, ಗಲಾಟೆ ಮಾತ್ರ ಬರುತ್ತದೆ. ನಮ್ಮ ಕೈಯಲ್ಲಿ ಎಷ್ಟಿದೆ ಎಂದು ಹೇಳಿದೆ. ಅವನು ಮುಖ ಸಿಂಡರಿಸಲಿಲ್ಲ, ನೇರವಾಗಿ ಒಂದು ದೊಡ್ಡ ಟಿವಿಯ ಮುಂದೆ ಕರೆದೊಯ್ದ.

"ಇದನ್ನ ಒಯ್ರಿ. ಗ್ವಾಡಿ ತುಂಬತೈತಿ. ಈ ರೇಟಿಗೆ ಇಷ್ಟು ದೊಡ್ಡದು ಬ್ಯಾರೆ ಕಡೆ ಸಿಗಂಗಿಲ್ಲ."

ಅದರಲ್ಲಿ ಓಡುತ್ತಿದ್ದ ಹೂವು, ಹಕ್ಕಿಗಳ ಚಿತ್ರ ನೋಡಿದರೆ ನನಗೆ ಇದೇ ಸಾಕೆನಿಸಿತು. ಬೇಗ ಮುಗಿದರೆ ಮನೆಗೆ ಹೋಗಿ ಸ್ವಲ್ಪವಾದರೂ ಮಲಗಬಹುದಿತ್ತು. ಅತ್ತೆ ಚೀಲದಿಂದ ಗೇಮ್ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟರು. ಅವನು ವೈರು ಹಚ್ಚಿದ. ಅಂಗಡಿಯವರು ಕಂಟ್ರೋಲರ್ ಎನ್ನುವ, ಅತ್ತೆ ಸ್ಟೇರಿಂಗ್ ಎನ್ನುವ ಆ ಹಿಡಿಕೆಯನ್ನು ಹಿಡಿದು ಅವರು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು. ನಾನು ಒಂದು ಫ್ರಿಜ್ಜಿನ ಪೆಟ್ಟಿಗೆಗೆ ಒರಗಿ ನಿಂತೆ.

ಎರಡು ತಿರುವು ದಾಟಿ ಮೂರನೆಯದರಲ್ಲಿ ಬಸ್ಸು ಬಿತ್ತು. ಅತ್ತೆ ತಲೆಯಾಡಿಸಿದರು.

"ಇದು ನನ್ನ ಮಾತ ಕೇಳಿ, ವಿಚಾರ ಮಾಡಿ, ಆಮ್ಯಾಲ ಹೊಳ್ಳತೈತಿ. ಅಷ್ಟರಾಗ ದಾರಿ ಮುಗದಿರತೈತಿ."

ಗುರುಪಾದಪ್ಪ ಕಣ್ಣುಜ್ಜಿಕೊಂಡ. "ಆಟಕ್ಕಂತ ಯಾರೂ ಇಷ್ಟು ನೋಡಂಗಿಲ್ರಿ ಅಮ್ಮಾರ. ಇದು ಧಾರಾವಾಹಿಗೆ ಭಾಳ ಛಲೋ."

"ಧಾರಾವಾಹಿ ಹಚ್ಚಿದ್ರ ನಾ ಮಲಗ್ತೀನಿ" ಎಂದರು ಅತ್ತೆ.

ಆ ಮಾತಿಗೆ ಅವನಿಗೆ ನಿದ್ದೆ ಹಾರಿತು. ಎಚ್ಚರದ ಪಾಳಿಗೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಿದ. ಅಲ್ಲಿಂದ ಮುಂದೆ ಅವನು ಮಾರುವವನ ದನಿ ಬಿಟ್ಟು ಮನೆಯವನ ದನಿಯಲ್ಲಿ ಮಾತಾಡಿದ. ಎರಡನೆಯದು ಸಣ್ಣದು, ನಮ್ಮ ರೊಕ್ಕದಲ್ಲಿ ಬರುವಂಥದ್ದು. ಅದರಲ್ಲಿ ಬಸ್ಸು ಹೇಳಿದ ಹಾಗೆ ಕೇಳಿತು, ಆದರೆ ದೂರದ್ದೆಲ್ಲ ಮಸುಕು. ದಾರಿ ಪಕ್ಕದ ಮೈಲಿಗಲ್ಲು ಹತ್ತಿರ ಬಂದರೂ ಬಿಳಿ ಚುಕ್ಕಿಯಾಗಿಯೇ ಉಳಿಯುತ್ತಿತ್ತು.

"ಎಚ್‌ಡಿ ಅಂತ ಬರದೈತಲ್ರಿ ಇದರ ಮ್ಯಾಲೆ?" ಎಂದೆ ನಾನು.

"ಹಂಗಂತ ಎಲ್ಲಾದರ ಮ್ಯಾಲೂ ಬರದಿರತೈತ್ರಿ ಅಕ್ಕಾರ. ಫುಲ್ ಎಚ್‌ಡಿ ಬ್ಯಾರೆ, ಇದು ಬ್ಯಾರೆ. ಇದು ಅರ್ಧ ಹೊಟ್ಟಿ ಊಟ ಇದ್ದಂಗ."

ಮೂರನೆಯದನ್ನು ಅವನು ಸುಮ್ಮನೆ ತೋರಿಸಲೆಂದು ತೋರಿಸಿದ. ನಮ್ಮ ಡಬ್ಬಿಯ ರೊಕ್ಕ ಎರಡು ಪಟ್ಟಾದರೂ ಅದಕ್ಕೆ ಸಾಲುತ್ತಿರಲಿಲ್ಲ. ಬಸ್ಸಿನ ಗಾಜಿನ ಮೇಲೆ ಬಿದ್ದ ಧೂಳು, ಕಂದಕದ ಕೆಳಗೆ ಹರಿಯುವ ನೀರು, ಅದರಾಚೆ ಒಂದರ ಹಿಂದೊಂದು ಬೆಟ್ಟ. ಅತ್ತೆ ಸ್ವಲ್ಪ ದೂರ ಓಡಿಸಿದರು. ಆಮೇಲೆ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೇರಿಂಗನ್ನು ತಾವೇ ಅವನ ಕೈಗೆ ಮರಳಿಸಿದರು. "ಇದರಾಗ ಎಲ್ಲಾ ಕಾಣತೈತಿ. ಬ್ಯಾಡ" ಎಂದರು.

ಗುರುಪಾದಪ್ಪ ಒಳಗೆ ಹೋಗಿ, ಪೆಟ್ಟಿಗೆ ಇಲ್ಲದ ಒಂದು ಟಿವಿಯನ್ನು ಎದೆಗಪ್ಪಿಕೊಂಡು ಬಂದ. ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದದ್ದು. ಯಾರದೋ ಕೈ ತಾಗಿ ಬಿದ್ದು ಮೂಲೆಯ ಚೌಕಟ್ಟು ಒಡೆದಿತ್ತು. ಸ್ಪೀಕರ್ ಕೂಡ ಕೆಟ್ಟಿತ್ತು, ಮಾತು ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಬರುತ್ತಿತ್ತು. ಗಾತ್ರ ನಮ್ಮ ಹಳೆಯದಕ್ಕಿಂತ ಅಷ್ಟೇನೂ ದೊಡ್ಡದಲ್ಲ. "ಇದು ಪೂರಾ ಫುಲ್ ಎಚ್‌ಡಿ. ಆದ್ರ ಹಿಂಗೈತಿ ನೋಡ್ರಿ" ಎಂದ.

ಹಚ್ಚಿದ. ಅದೂ ಮೊದಲು ತಡವಾಗಿಯೇ ತಿರುಗಿತು. ಅತ್ತೆ ಅವನ ಮುಖ ನೋಡಿದರು. ಅವನು ರಿಮೋಟಿನಲ್ಲಿ ಹುಡುಕಿ ಹುಡುಕಿ ಗೇಮ್ ಮೋಡ್ ಎಂಬುದನ್ನು ಒತ್ತಿದ. ಬಣ್ಣ ಸ್ವಲ್ಪ ಸಪ್ಪಗಾಯಿತು, ಬಸ್ಸು ಚುರುಕಾಯಿತು. ಒಂದು ತಿರುವು, ಇನ್ನೊಂದು, ಆಮೇಲೆ ಇಳಿಜಾರು. ಅತ್ತೆ ಬಸ್ಸಿನ ವೇಗ ಇಳಿಸಿ, ಕುತ್ತಿಗೆ ಚಾಚಿ, ದಾರಿ ಪಕ್ಕದ ಕಲ್ಲಿನ ಮೇಲಿದ್ದ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಅಂಥ ಊರು ಎಲ್ಲಿಯೂ ಇರಲಿಕ್ಕಿಲ್ಲ. ಓದಿ ಮುಗಿಸಿ, "ಇನ್ನೂ ಭಾಳ ದೂರ ಐತಿ" ಎಂದರು.

"ಧ್ವನಿ ಛಲೋ ಇಲ್ಲಲ್ಲ ಅತ್ತಿ" ಎಂದೆ.

"ಧ್ವನಿ ಯಾಕ ಬೇಕು? ಮಲಗಿದವರು ಮಲಗಿರಬೇಕಲ್ಲ."

ಆ ಮಲಗಿದವರು ನಾನು. ಗುರುಪಾದಪ್ಪ ಕೊನೆಯ ಮಾತಿನಲ್ಲಿ ಇನ್ನಷ್ಟು ಬಿಟ್ಟುಕೊಟ್ಟ. ಅವಲಕ್ಕಿ ಡಬ್ಬಿಯಲ್ಲಿದ್ದದ್ದು ಅದಕ್ಕೇ ಸರಿಹೋಯಿತು, ಆಟೋ ಬಾಡಿಗೆಗೆ ಒಂದಿಷ್ಟು ಉಳಿಯಿತು.

ಆಟೋದಲ್ಲಿ ಟಿವಿಯನ್ನು ನಮ್ಮಿಬ್ಬರ ಮಡಿಲ ಮೇಲೆ ಅಡ್ಡ ಇಟ್ಟುಕೊಂಡೆವು. ಪೇಟೆ ದಾಟಿದ ಮೇಲೆ ಅತ್ತೆ ರಸ್ತೆ ನೋಡುತ್ತಲೇ ಕೇಳಿದರು.

"ಈ ರೊಕ್ಕ ಎಲ್ಲಿದು?"

"ಚೀಟಿ ಎತ್ತಿದೆ."

"ಅವಲಕ್ಕಿ ಡಬ್ಬಿದಾಗಿನ ರೊಕ್ಕ ಅಲ್ಲೇನು?"

ಮಧ್ಯಾಹ್ನವೆಲ್ಲ ಎಚ್ಚರವಿರಲು ಅವರು ಆ ಮನೆಯ ಪ್ರತಿ ಡಬ್ಬಿಯನ್ನೂ ತಿಕ್ಕಿ, ಒರೆಸಿ, ಮತ್ತೆ ಜೋಡಿಸಿಟ್ಟವರು. ನನಗೆ ಅದು ಹೊಳೆದೇ ಇರಲಿಲ್ಲ.

"ಹೋಗೂದಕ್ಕ ಇಟ್ಟಿದ್ದಿ" ಎಂದರು.

"ಹೌದ್ರಿ."

"ಹೋಗಬೇಕಿತ್ತು ನೀ."

"ನಾ ಹೋಗಿದ್ರ ನಿಮ್ಮನ್ನ ಛತ್ರಕ್ಕ ಹಾಕಬೇಕಾಗತಿತ್ತು."

"ಹಾಕಬೇಕಿತ್ತು" ಎಂದರು. ಕೋಪದಿಂದ ಅಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವಂತೆ. ಆಟೋ ರಸ್ತೆಯ ಗುಂಡಿಗೆ ಇಳಿದಾಗ ಇಬ್ಬರೂ ಟಿವಿಯನ್ನು ಒಟ್ಟಿಗೆ ಗಟ್ಟಿಯಾಗಿ ಹಿಡಿದೆವು.

ಹೊಸ ಟಿವಿ ಬಂದ ಮೇಲೆ ಅತ್ತೆ ಒಮ್ಮೆಯೂ ತೂಕಡಿಸಲಿಲ್ಲ. ನಾನು ಮಧ್ಯೆ ಎದ್ದು ನೋಡುವುದನ್ನು ಬಿಡಲು ಕೆಲವು ದಿನ ಬೇಕಾಯಿತು. ಎದ್ದಾಗಲೆಲ್ಲ ಅವರು ಅಲ್ಲಿರುತ್ತಿದ್ದರು, ಸ್ಟೂಲಿನ ಮೇಲೆ, ಪರದೆಯ ಹತ್ತಿರ. ಧ್ವನಿ ಪೂರ್ತಿ ಇಳಿಸಿರುತ್ತಿದ್ದರು. ಅದರ ಬದಲು ಅವರೇ ಮೆಲ್ಲಗೆ ಮಾತಾಡುತ್ತಿದ್ದರು. "ಒಳಗ ಸರೀರಿ, ಹಿಂದ ಜಾಗ ಐತಿ." "ಕೈ ಹೊರಗ ಹಾಕಬ್ಯಾಡ ತಮ್ಮಾ." ಊರಿನ ಗಡಿ ದಾಟಿ ಒಮ್ಮೆಯೂ ಹೋಗದವರು ಅವರು. ಈಗ ನಾನು ಏಳುವ ಹೊತ್ತಿಗೆ, ಇವತ್ತು ಎಷ್ಟು ದೂರ ಹೋದೆ, ಎಲ್ಲಿ ಮಂಜು ಬಿದ್ದಿತ್ತು, ಯಾವ ನಿಲ್ದಾಣದಲ್ಲಿ ಯಾರೂ ಹತ್ತಲಿಲ್ಲ ಎಂದು ಹೇಳುತ್ತಿದ್ದರು. ಅವರು ಹೇಳುತ್ತಿದ್ದರು, ನಾನು ಒಲೆ ಹಚ್ಚುತ್ತ ಕೇಳುತ್ತಿದ್ದೆ. ಹಾಗೆ ಕೂತು ಮಾತಾಡುವುದು ನಮಗೆ ಮೊದಲು ಇರಲಿಲ್ಲ.

ನನ್ನ ದಣಿವೇನೂ ಕಡಿಮೆಯಾಗಲಿಲ್ಲ. ರಾತ್ರಿಯ ಪಾಳಿ ಇದ್ದೇ ಇತ್ತು, ನಸುಕಿನ ರೊಟ್ಟಿ ಇದ್ದೇ ಇತ್ತು. ಡಬ್ಬಿಯಲ್ಲಿ ಅವಲಕ್ಕಿಯ ಕೆಳಗೂ ಈಗ ಅವಲಕ್ಕಿಯೇ. ಖಾನಾವಳಿಯಲ್ಲಿ ಒಮ್ಮೆ ಬಿಸಿ ಹಂಚಿನ ಮೇಲೆ ಅಂಗೈ ಇಟ್ಟೆ. ಸುಟ್ಟದ್ದು ನನಗೆ ತಕ್ಷಣ ಗೊತ್ತಾಗಲೇ ಇಲ್ಲ. ಪಟ್ಟಿ ಕಟ್ಟಿಕೊಂಡು ಮನೆಗೆ ಬಂದು, ಉಣ್ಣದೆ ಮಲಗಿದೆ. ಅತ್ತೆ ಆ ಕೈಯನ್ನು ನೋಡಿದರು.

ಎಚ್ಚರವಾದಾಗ ಬಾಗಿಲ ಸಂದಿನಿಂದ ಕೆಂಪು ಬೆಳಕು ಬೀಳುತ್ತಿತ್ತು. ದೀಪ ಹಚ್ಚುವ ಹೊತ್ತು ಎಂದು ಎದ್ದು, ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚಿದೆ. ಮೈ ಹಗುರವಾಗಿತ್ತು, ಎಷ್ಟು ಹಗುರವೆಂದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿಕೊಂಡೆ. ಹೊರಗೆ ಹಾಲಿನವನ ಸೈಕಲ್ ಗಂಟೆ ಕೇಳಿತು. ಹಾಲಿನವನು ಸಂಜೆ ಬರುವುದಿಲ್ಲ. ಬೆಂಕಿಕಡ್ಡಿ ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಬೆಳಕು ಮಂಕಾಗುವ ಬದಲು ಬೆಳ್ಳಗಾಗುತ್ತಿತ್ತು.

ಅತ್ತೆ ಸ್ಟೂಲಿನ ಮೇಲಿದ್ದರು. ಕಣ್ಣು ಕೆಂಪಗೆ ಊದಿದ್ದವು. ಪರದೆಯಲ್ಲಿ ಘಟ್ಟವಿರಲಿಲ್ಲ. ಎರಡೂ ಕಡೆ ಬಯಲು, ನಡುವೆ ನೆಟ್ಟಗಿನ ದಾರಿ.

"ಎಬ್ಬಿಸಲಿಲ್ಲ ಯಾಕ್ರಿ?" ಎಂದೆ.

"ಎಬ್ಬಿಸಾಕ ಬಂದಿದ್ದೆ. ಬಾಯಿ ತಕ್ಕೊಂಡು ಮಲಗಿದ್ದಿ, ಸಣ್ಣ ಹುಡುಗಿ ಹಂಗ."

"ರಾತ್ರಿಯೆಲ್ಲಾ ಎಚ್ಚರಿದ್ರೇನು?"

"ದಾರಿ ಉದ್ದ ಇತ್ತು" ಎಂದರು. "ಖಾನಾವಳಿಗೆ ಇವತ್ತ ಬರಂಗಿಲ್ಲಂತ ಜುಬೇದಾನ ಕೈಲೆ ಹೇಳಿಕಳಿಸೇನಿ. ಮುಂದಿನ ಊರಿಗೆ ಇವರನ್ನ ಮುಟ್ಟಿಸಿ ಮಲಗ್ತೀನಿ ತಡಿ."

ಮುಟ್ಟಿಸಲು ಆಗಲಿಲ್ಲ. ನಾನು ಚಹಾ ಮಾಡಿ ತರುವಷ್ಟರಲ್ಲಿ ಬಸ್ಸನ್ನು ಒಂದು ಮರದ ಕೆಳಗೆ ನಿಲ್ಲಿಸಿ, ಅಲ್ಲೇ ನೆಲದ ಮೇಲಿದ್ದ ನನ್ನ ಹಾಸಿಗೆಯಲ್ಲಿ ಒರಗಿದವರು ನಿದ್ದೆ ಹೋಗಿದ್ದರು. ಹೊದಿಕೆ ಹೊದಿಸಿದೆ.

ಆಮೇಲೆ ನಾನು ಮನೆಯಲ್ಲಿ ಸುಮ್ಮನೆ ನಿಂತೆ. ಮೂಲೆಯ ಜೇಡರ ಬಲೆ ಕಂಡಿತು. ಅತ್ತೆಯ ಸೀರೆಯ ಅಂಚು ಮೂರು ಕಡೆ ಹರಿದು ಹೊಲಿದದ್ದು ಕಂಡಿತು. ನನ್ನ ಸುಟ್ಟ ಕೈ ನೋಯುತ್ತಿತ್ತು, ಎಲ್ಲಿ ನೋಯುತ್ತಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಜೊತೆಗೆ ಎದೆಯಲ್ಲಿ ಇನ್ನೇನೋ ಬಿಸಿಯಾಗಿ ಏಳುತ್ತಿತ್ತು. ಅದೇನೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸಿಟ್ಟು. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು, ಇಷ್ಟು ವರ್ಷ ನನ್ನ ಹತ್ತಿರ ಅದು ಉಳಿದಿರಲಿಲ್ಲ.

ಹೊಸ್ತಿಲಲ್ಲಿ ಕೂತು ಮಹಾಂತೇಶನಿಗೆ ನಾನೇ ಫೋನ್ ಮಾಡಿದೆ. ಆಗಷ್ಟೇ ಎದ್ದ ದನಿಯಲ್ಲಿ ಏನಾಯಿತೆಂದು ಕೇಳಿದ.

"ಏನೂ ಆಗಿಲ್ಲ. ನನಗ ನಿದ್ದಿ ಆಗೇತಿ, ಅದಕ್ಕ ಫೋನ್ ಮಾಡೇನಿ" ಎಂದೆ. "ನಿಮ್ಮವ್ವ ನಿನ್ನೆ ನನ್ನ ಪಾಳಿನೂ ತಾನ ಮಾಡ್ಯಾಳ. ಈ ವಯಸ್ಸಿನಾಗ. ಇಲ್ಲಿ ನಿಮ್ಮದೊಂದು ಪಾಳಿ ಇತ್ತು. ಅದನ್ನ ಇಷ್ಟು ವರ್ಷ ನಾವಿಬ್ಬರು ಹಂಚ್ಕೊಂಡೇವಿ."

"ನೀ ಇಲ್ಲಿ ಬಾ ಅಂತ ಹೇಳ್ತಿದ್ದೆನಲ್ಲ ಕಸ್ತೂರಿ."

"ನಿಮ್ಮವ್ವನ್ನ ಎಲ್ಲಿ ಬಿಟ್ಟು ಬರ್ಲಿ?"

ಅವನು ಅಕ್ಕನ ಮನೆ ಸಣ್ಣದೆಂದು ಹೇಳತೊಡಗಿದ. ನಾನು ಕೇಳಿಸಿಕೊಳ್ಳಲಿಲ್ಲ. "ಬಂದು ನಿಮ್ಮ ಪಾಳಿ ಮಾಡ್ರಿ. ಬರಂಗಿಲ್ಲಾ ಅಂದ್ರ ಬರಂಗಿಲ್ಲಂತ ಬಾಯಿ ಬಿಟ್ಟು ಹೇಳ್ರಿ. ನಿದ್ದಿ ಮಾಡಿ ಬರ್ತೀನಂತ ಮತ್ತ ಹೇಳಬ್ಯಾಡ್ರಿ."

ವಿಚಾರ ಮಾಡಿ ಹೇಳುತ್ತೇನೆ ಎಂದ. ಮಾಡಿರಿ ಎಂದೆ. ಅವನು ಬರುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಫೋನ್ ಇಟ್ಟು ಎದ್ದೆ.

ಒಳಗೆ ಬಂದೆ. ಸುಲಿಯಲು ಬೆಳ್ಳುಳ್ಳಿ ಇರಲಿಲ್ಲ. ಪರದೆಯಲ್ಲಿ ಬಸ್ಸು ಮರದ ಕೆಳಗೇ ನಿಂತಿತ್ತು, ಒಳಗೆ ಜನ ಕೂತೇ ಇದ್ದರು. ಒಬ್ಬ ಮುದುಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದೆ ನೋಡುತ್ತಿದ್ದ. ನಾನು ಸ್ಟೂಲಿನ ಮೇಲೆ ಕೂತು, ಸುಡದ ಕೈಯಿಂದ ಸ್ಟೇರಿಂಗ್ ಎತ್ತಿಕೊಂಡೆ. ಅದನ್ನು ಎಂದೂ ಮುಟ್ಟಿರಲಿಲ್ಲ. ಯಾವುದೋ ಒಂದನ್ನು ಒತ್ತಿದೆ. ಬಸ್ಸು ಒಮ್ಮೆಗೇ ನೆಗೆದು, ದಾರಿ ಬಿಟ್ಟು, ಹೊಲದ ಕಡೆ ಓಡತೊಡಗಿತು. ಎದುರಿಗೆ ದೊಡ್ಡ ಬಂಡೆ. ನಾನು ಎಲ್ಲ ಗುಂಡಿಗಳನ್ನೂ ಒತ್ತಿದೆ.

"ಬ್ರೇಕು ಎಡಗಡೆ, ತೋರಬೆರಳಿಗೈತಿ" ಎಂದರು ಅತ್ತೆ ಕಣ್ಣು ತೆರೆಯದೆ.

ಒತ್ತಿದೆ. ಬಂಡೆಗೆ ಇನ್ನೇನು ತಾಗುವಷ್ಟರಲ್ಲಿ ಬಸ್ಸು ನಿಂತಿತು. ಅತ್ತೆ ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯತೊಡಗಿದರು. ನಾನು ಬಸ್ಸನ್ನು ಮೆಲ್ಲಗೆ ಹಿಂದೆ ತೆಗೆದು, ದಾರಿಗೆ ತಂದು, ಮುಂದಿನ ಊರಿನ ಕಡೆ ಹೊರಟೆ.